ನೀಲಿ ಡಬ್ಬದ ಪುಣ್ಯ



ಕಳೆದ ರಾಜ್ಯೋತ್ಸವದ ದಿನ ಮಧ್ಯಾಹ್ನದ ಊಟ ಮುಗಿಸಿ ನೀವೆಲ್ಲ ನಾಟಕ ನೋಡಲು ಒಳಗೆ ಹೋದಿರಿ. ನಾನು, ನನ್ನ ಮಗಳು ಮತ್ತು ಇನ್ನು ನಾಲ್ಕೈದು ಜನ ಊಟದ ಹಾಲ್‌ನಲ್ಲೇ ಉಳಿದೆವು. ಆ ಸಲ ಕ್ಲೀನಿಂಗ್ ಡ್ಯೂಟಿ ನಮ್ಮದು. ಒಳಗಿಂದ ನಿಮ್ಮ ನಗು, ಚಪ್ಪಾಳೆ ಕೇಳಿಸುತ್ತಿತ್ತು. ಹೊರಗೆ ನಾವು ಕಸದ ಚೀಲ ಕಟ್ಟುತ್ತಿದ್ದೆವು. ನಾಟಕ ತಪ್ಪಿಹೋಯಿತಲ್ಲ ಅಂತ ನನಗೇನೂ ಬೇಜಾರಿಲ್ಲ. ಯಾಕೆಂದರೆ ಅವತ್ತು ಹಾಲ್‌ನಲ್ಲಿ ನಾನು ನೋಡಿದ್ದೂ ಒಂದು ನಾಟಕವೇ, ಮತ್ತು ಅದರಲ್ಲಿ ನಾವೆಲ್ಲರೂ ಪಾತ್ರಧಾರಿಗಳು!

ವಿಷಯ ಇಷ್ಟೇ. ಈ ಸಲ ಥರ್ಮೋಕೋಲ್ ತಟ್ಟೆ ಬೇಡ, ಕಬ್ಬಿನ ಸಿಪ್ಪೆಯಿಂದ ಮಾಡಿದ ತಟ್ಟೆ ತರೋಣ, ಅದು ಮಣ್ಣಿನಲ್ಲಿ ಗೊಬ್ಬರವಾಗುತ್ತದೆ ಎಂದು ಕಮಿಟಿ ಮೀಟಿಂಗ್‌ನಲ್ಲಿ ಗಂಟಲು ಹರಿದುಕೊಂಡು ವಾದಿಸಿದವನು ನಾನೇ. ಖಜಾಂಚಿಯವರು ಮುಖ ಸಿಂಡರಿಸಿಕೊಂಡೇ ಜಾಸ್ತಿ ದುಡ್ಡು ಮಂಜೂರು ಮಾಡಿದ್ದರು. ಸರಿ, ತಟ್ಟೆ ಬಂತು. ಊಟವೂ ಆಯಿತು. ಆಮೇಲೆ ನೋಡಿದರೆ ಆ ತಟ್ಟೆಯೊಳಗೆ ಅರ್ಧ ಬಿಟ್ಟ ಬಿಸಿಬೇಳೆಬಾತ್, ಅದರೊಳಗೆ ಪ್ಲಾಸ್ಟಿಕ್ ಚಮಚ, ಅದರ ಮೇಲೆ ಮೈಸೂರ್‌ಪಾಕ್ ಸುತ್ತಿದ್ದ ಫಾಯಿಲ್, ಎಲ್ಲಕ್ಕಿಂತ ಮೇಲೆ ಎರಡು ಗುಟುಕು ಕುಡಿದು ಬಿಟ್ಟ ನೀರಿನ ಬಾಟ್ಲಿ. ನಾವು ಬಾಡಿಗೆಗೆ ಹಿಡಿದಿದ್ದ ಆ ಕಟ್ಟಡದ ಹಿಂದೆ ಇದ್ದದ್ದು ಒಂದೇ ಒಂದು ದೊಡ್ಡ ಕಪ್ಪು ಡಂಪ್‌ಸ್ಟರ್. ಹಸಿರೂ ಇಲ್ಲ, ನೀಲಿಯೂ ಇಲ್ಲ. ಹದಿನಾಲ್ಕು ಚೀಲ ತುಂಬಿ ಎಲ್ಲವನ್ನೂ ಅದರೊಳಗೇ ಹಾಕಿದೆವು.

ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಕೈ ತೊಳೆದುಕೊಳ್ಳುತ್ತಾ ಕೇಳಿದಳು: "ಅಪ್ಪ, ಎಲ್ಲಾ ಒಂದೇ ಕಡೆ ಹೋಗೋದಾದ್ರೆ ನಾವ್ಯಾಕೆ ಜಾಸ್ತಿ ದುಡ್ಡು ಕೊಟ್ವಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ ಅಂದುಕೊಳ್ಳಿ.

ಮೊದಲು ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಊರಿಗೆಲ್ಲ ಬುದ್ಧಿ ಹೇಳುವ ಮೊದಲು ತನ್ನ ತಟ್ಟೆ ನೋಡಿಕೊಳ್ಳಬೇಕಲ್ಲವೇ? ಬೇ ಏರಿಯಾದ ಬಹಳಷ್ಟು ಊರುಗಳ ಹಾಗೆ ನಮ್ಮ ಮನೆ ಮುಂದೆಯೂ ಮೂರು ಡಬ್ಬ. ನೀಲಿ ರೀಸೈಕ್ಲಿಂಗ್‌ಗೆ, ಹಸಿರು ಎಲೆ-ಹುಲ್ಲು ಮತ್ತು ಅಡುಗೆಮನೆಯ ಹಸಿಕಸಕ್ಕೆ, ಕಪ್ಪು ಉಳಿದದ್ದಕ್ಕೆ. ಪ್ರತಿ ವಾರ ಕಸದ ಲಾರಿ ಬರುವ ಹಿಂದಿನ ರಾತ್ರಿ ನೀಲಿ ಡಬ್ಬ ತುಂಬಿ ತುಳುಕುತ್ತಿರುತ್ತದೆ. ಅದನ್ನು ರಸ್ತೆ ಅಂಚಿಗೆ ಎಳೆದುಕೊಂಡು ಹೋಗುವಾಗ ನನಗೆ ಒಂಥರಾ ಹೆಮ್ಮೆ. ಗಂಗೆಯಲ್ಲಿ ಮುಳುಗಿ ಎದ್ದ ಹಾಗೆ! ವಾರವಿಡೀ ತಂದ, ತಿಂದ, ಬಿಸಾಡಿದ ಪಾಪವೆಲ್ಲ ಆ ನೀಲಿ ಮುಚ್ಚಳದ ಕೆಳಗೆ ತೊಳೆದುಹೋಯಿತು ಎಂಬ ಸಮಾಧಾನ.

ಆ ಡಬ್ಬದಲ್ಲಿ ಏನಿರುತ್ತದೆ? ಶುಕ್ರವಾರ ಸಂಜೆಯ ಪೇಪರ್ ಕಪ್ಪು, ಅದರ ಮುಚ್ಚಳ, ಸ್ಟ್ರಾ. ಎಣ್ಣೆ ಹತ್ತಿದ ಪಿಜ್ಜಾ ಪೆಟ್ಟಿಗೆ. ಸ್ಟ್ರಾಬೆರಿ, ಪಾಲಕ್ ಬಂದ ಪಾರದರ್ಶಕ ಡಬ್ಬಿಗಳು. ಇಂಡಿಯನ್ ಅಂಗಡಿಯಿಂದ ಕೊತ್ತಂಬರಿ, ಕರಿಬೇವು ತಂದ ತೆಳು ಪ್ಲಾಸ್ಟಿಕ್ ಚೀಲಗಳು. ರವೆ ಇಡ್ಲಿ ಮಿಕ್ಸ್ ಪೊಟ್ಟಣ. ಸೋನಾ ಮಸೂರಿ ಅಕ್ಕಿಯ 20 ಪೌಂಡಿನ ಖಾಲಿ ಚೀಲ. ಎಲ್ಲದರ ಮೇಲೂ ಎಲ್ಲೋ ಒಂದು ಕಡೆ ಮೂರು ಬಾಣದ ತ್ರಿಕೋನ ಕಂಡರೆ ಸಾಕು, ನೀಲಿಗೆ!

ಮಗಳ ಪ್ರಶ್ನೆ ಕೊರೆಯುತ್ತಿತ್ತಲ್ಲ, ನಮ್ಮ ಊರಿನ ಕಸದ ನಿಯಮಗಳನ್ನು ಕೂತು ಓದಿದೆ. ಓದಿದಷ್ಟೂ ನನ್ನ ಪುಣ್ಯದ ಖಾತೆ ಖಾಲಿಯಾಗುತ್ತಾ ಬಂತು. ಎಣ್ಣೆ ಹತ್ತಿದ ಪಿಜ್ಜಾ ಪೆಟ್ಟಿಗೆ ಹಸಿರಿಗೆ ಹೋಗಬೇಕು. ಪೇಪರ್ ಕಪ್ಪಿನ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪನ ಇರುತ್ತದೆ, ಅದು ಬರೀ ಕಾಗದ ಅಲ್ಲ. ಕೊತ್ತಂಬರಿಯ ತೆಳು ಚೀಲ ನೀಲಿ ಡಬ್ಬಕ್ಕೆ ಹಾಕಲೇಬಾರದು, ಏಕೆಂದರೆ ಅದು ವಿಂಗಡಣೆ ಮಾಡುವ ಯಂತ್ರದ ರೋಲರುಗಳಿಗೆ ಸುತ್ತಿಕೊಂಡು ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ರೆಡಿಮಿಕ್ಸ್, ಚಿಪ್ಸ್ ಪೊಟ್ಟಣಗಳಲ್ಲಿ ಒಂದಕ್ಕೊಂದು ಅಂಟಿದ ಬೇರೆ ಬೇರೆ ಪದರಗಳಿರುತ್ತವೆ, ಅವನ್ನು ಬಿಡಿಸುವುದು ಕಷ್ಟ. ಅಂದರೆ ನಾನು ಪುಣ್ಯ ಅಂತ ತುಂಬುತ್ತಿದ್ದ ಡಬ್ಬದಲ್ಲಿ ಬಹುಪಾಲು ಯಾರಿಗೋ ತಲೆನೋವು.

ಇನ್ನು ಆ ತ್ರಿಕೋನದ ಕಥೆ ಕೇಳಿ. ಮೂರು ಬಾಣದ ಆ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ ಬರೆದರು. ಓದುತ್ತಿದ್ದದ್ದು ನಮ್ಮ ಲಾಸ್ ಏಂಜಲೀಸ್‌ನಲ್ಲೇ. ಆ ಸ್ಪರ್ಧೆ ನಡೆಸಿದ್ದು ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿ. 1988ರಲ್ಲಿ ಪ್ಲಾಸ್ಟಿಕ್ ಉದ್ಯಮದವರು ಅದೇ ಬಗೆಯ ಬಾಣಗಳ ನಡುವೆ 1ರಿಂದ 7ರವರೆಗೆ ಅಂಕಿ ಹಾಕಿ ಡಬ್ಬಿಗಳ ತಳಕ್ಕೆ ಒತ್ತಿಸಿದರು. ಆ ಅಂಕಿ ಇದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳುತ್ತದೆ, ಅಷ್ಟೇ. ಇದು ಮತ್ತೆ ಬಳಕೆಗೆ ಬರುತ್ತದೆ ಎಂಬ ಭರವಸೆ ಅಲ್ಲ. 1 ಮತ್ತು 2ನೇ ಅಂಕಿಯ ನೀರಿನ ಬಾಟ್ಲಿ, ಹಾಲಿನ ಕ್ಯಾನುಗಳಿಗೆ ಗಿರಾಕಿಗಳಿದ್ದಾರೆ. ಉಳಿದವುಗಳ ಪಾಡು ಅನುಮಾನ. ಈ ಗೊಂದಲ ಎಷ್ಟಿತ್ತೆಂದರೆ, ಬಾಣದ ಚಿಹ್ನೆಯನ್ನು ಬೇಕಾಬಿಟ್ಟಿ ಹಾಕದಂತೆ ಕ್ಯಾಲಿಫೋರ್ನಿಯಾ 2021ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು.

ಅಮೆರಿಕದ ಪರಿಸರ ಇಲಾಖೆ ಇಪಿಎ 2018ರ ಲೆಕ್ಕ ಕೊಟ್ಟಿದೆ. ಆ ವರ್ಷ ಈ ದೇಶದಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ರೀಸೈಕಲ್ ಆದದ್ದು ನೂರಕ್ಕೆ 8.7 ಭಾಗ ಮಾತ್ರ! ಅದೇ 2018ರಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿಯವರೆಗೆ ನಮ್ಮ ನೀಲಿ ಡಬ್ಬದ ಎಷ್ಟೋ ಸರಕು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಹೊಲಸು ಬೆರೆತ ಕಸ ನಮಗೆ ಬೇಡ ಎಂದು ಚೀನಾ ಬಾಗಿಲು ಹಾಕಿತು. 2019ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಟ್ಲಿ, ಕ್ಯಾನು ವಾಪಸ್ ಪಡೆದು 5 ಸೆಂಟ್, 10 ಸೆಂಟ್ ಕೊಡುತ್ತಿದ್ದ ಒಂದು ದೊಡ್ಡ ಸಂಸ್ಥೆ ತನ್ನ 284 ಕೇಂದ್ರಗಳನ್ನೂ ಒಂದೇ ದಿನ ಮುಚ್ಚಿತು. ನೀಲಿ ಡಬ್ಬದ ಆಚೆಗೆ ಏನಾಗುತ್ತದೆ ಎಂದು ನಾವ್ಯಾರೂ ನೋಡಿರಲಿಲ್ಲ. ಕಣ್ಣಿಗೆ ಕಾಣದ್ದು ಮನಸ್ಸಿಗೂ ಬರುವುದಿಲ್ಲವಲ್ಲ.

ಹಾಗಾದರೆ ರೀಸೈಕ್ಲಿಂಗ್ ಬಿಟ್ಟುಬಿಡೋಣವೇ? ಖಂಡಿತ ಬೇಡ. ಅಲ್ಯೂಮಿನಿಯಂ ಕ್ಯಾನು, ರಟ್ಟು, ಗಾಜು, ಹಾಲಿನ ಕ್ಯಾನು, ಇವೆಲ್ಲ ನೀಲಿಗೆ ಹಾಕಲೇಬೇಕು. ನಾನು ಹೇಳುತ್ತಿರುವುದು ಬೇರೆ. ನೀಲಿ ಡಬ್ಬ ಈ ಪಯಣದ ಕೊನೆಯ ಸ್ಟೇಷನ್. ನಾವು ಟಿಕೆಟ್ ತೆಗೆದುಕೊಳ್ಳುವುದು ಅಂಗಡಿಯಲ್ಲಿ. ಅಲ್ಲಿ ತಪ್ಪು ರೈಲು ಹತ್ತಿ ಕೊನೆಯ ಸ್ಟೇಷನ್‌ನಲ್ಲಿ ಎಷ್ಟು ಒದ್ದಾಡಿದರೆ ಏನು ಪ್ರಯೋಜನ?

ನಮ್ಮ ಶನಿವಾರದ ಪ್ರದಕ್ಷಿಣೆ ನಿಮಗೂ ಗೊತ್ತು. ಮೊದಲು ಇಂಡಿಯನ್ ಅಂಗಡಿ, ಆಮೇಲೆ ಕಾಸ್ಟ್ಕೋ, ಕೊನೆಗೆ ಮನೆ ಹತ್ತಿರದ ಸೂಪರ್ ಮಾರ್ಕೆಟ್. ಕಾಸ್ಟ್ಕೋದಲ್ಲಿ ದೊಡ್ಡ ಡಬ್ಬಿ ಪಾಲಕ್ ಕಂಡರೆ "ಅಗ್ಗ ಕಣೇ, ತಗೋ" ಅನ್ನುವವನು ನಾನೇ. ಬುಧವಾರದ ಹೊತ್ತಿಗೆ ಅರ್ಧ ಡಬ್ಬಿ ಲೋಳೆಲೋಳೆ. ಆರು ಅವಕಾಡೊ ಒಂದೇ ದಿನ ಹಣ್ಣಾಗುತ್ತವೆ, ತಿನ್ನುವ ಬಾಯಿ ಮೂರು. ಹೀಗೆ ಉಳಿದ ಸೊಪ್ಪು, ಹಣ್ಣು, ಅನ್ನ ಕಪ್ಪು ಡಬ್ಬಕ್ಕೆ ಹೋದರೆ ಏನಾಗುತ್ತದೆ? ಊರ ಹೊರಗಿನ ಕಸದ ಗುಡ್ಡದಲ್ಲಿ ಗಾಳಿಯಾಡದೆ ಕೊಳೆತು ಮೀಥೇನ್ ಅನಿಲ ಬಿಡುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಬಹಳ ಜೋರು. ಇಪಿಎ ಲೆಕ್ಕದಲ್ಲಿ 2018ರಲ್ಲಿ ಕಸದ ಗುಡ್ಡಗಳಿಗೆ ಹೋದ ಕಸದಲ್ಲಿ ನೂರಕ್ಕೆ 24 ಭಾಗ ಆಹಾರವೇ, ಅದಕ್ಕಿಂತ ಹೆಚ್ಚಿನ ಪಾಲು ಬೇರೆ ಯಾವುದರದ್ದೂ ಇಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಮನೆಯ ಹಸಿಕಸವನ್ನು ಪ್ರತ್ಯೇಕ ಮಾಡಬೇಕೆಂಬ ಕಾನೂನು ಜಾರಿಗೆ ಬಂದಿದೆ. ನಾವೋ, "ಅನ್ನ ಪರಬ್ರಹ್ಮ" ಎಂದು ಮಕ್ಕಳಿಗೆ ಹೇಳಿಕೊಡುವವರು!

ಫಾಸ್ಟ್ ಫುಡ್ ವಿಷಯಕ್ಕೆ ಬರುತ್ತೇನೆ. ನಾನೇನೂ ಅದನ್ನು ಬಿಡಿ ಎನ್ನುವುದಿಲ್ಲ. ಶುಕ್ರವಾರ ಸಂಜೆ ಇಬ್ಬರೂ ಆಫೀಸು ಮುಗಿಸಿ, ಮಗಳನ್ನು ಭರತನಾಟ್ಯ ಕ್ಲಾಸಿನಿಂದ ಕರೆದುಕೊಂಡು, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮನೆಗೆ ಬರುವಾಗ ಏಳೂವರೆ. ಆ ಹೊತ್ತಿನಲ್ಲಿ ಡ್ರೈವ್-ಥ್ರೂನ ಬೀನ್ ಬರಿಟೋ ನಮಗೆ ಅಮೃತ. ಅದನ್ನು ಸೋಮಾರಿತನ ಎನ್ನುವವರು ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಲಿ.

ಆದರೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. 2001ರಲ್ಲಿ ಇಲ್ಲಿದ್ದವರಿಗೆ ಚೆನ್ನಾಗಿ ನೆನಪಿರುತ್ತದೆ. ಮೆಕ್‌ಡೊನಾಲ್ಡ್ಸ್‌ನ ಫ್ರೆಂಚ್ ಫ್ರೈಸ್ ಸಸ್ಯದ ಎಣ್ಣೆಯಲ್ಲೇ ಕರಿದದ್ದು ಅಂತ ನಂಬಿ ನಾವೆಲ್ಲ ತಿನ್ನುತ್ತಿದ್ದೆವು. ಅದರಲ್ಲಿ ದನದ ಮಾಂಸದ ಸಾರ ಸೇರಿದೆ ಎಂದು ಗೊತ್ತಾದಾಗ ಸಿಯಾಟಲ್‌ನಲ್ಲಿ ಭಾರತೀಯ ಮೂಲದ ವಕೀಲರೊಬ್ಬರು ಮೊಕದ್ದಮೆ ಹೂಡಿದರು. ಕಂಪನಿ ಕ್ಷಮೆ ಕೇಳಿತು. 2002ರಲ್ಲಿ ಸಸ್ಯಾಹಾರಿ ಮತ್ತು ಹಿಂದೂ ಸಂಸ್ಥೆಗಳೂ ಸೇರಿದಂತೆ ಹಲವರಿಗೆ ಒಟ್ಟು 1 ಕೋಟಿ ಡಾಲರ್ ಕೊಡಲು ಒಪ್ಪಿತು. ಅಂದಿನಿಂದ ನಮ್ಮಲ್ಲಿ ಎಷ್ಟೋ ಮಂದಿ ಕೌಂಟರಿನಲ್ಲಿ ನಿಂತು "ಇದರಲ್ಲಿ ಏನೇನು ಹಾಕಿದ್ದೀರಿ?" ಎಂದು ಕೇಳುವುದನ್ನು ಕಲಿತೆವು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೂ ಬಿಡದೆ ಕೇಳುತ್ತೇವೆ.

ಬಾಯಿಗೆ ಹೋಗುವುದರ ಬಗ್ಗೆ ಅಷ್ಟು ಕೇಳುವ ನಾವು, ಕೈಗೆ ಬರುವುದರ ಬಗ್ಗೆ ಯಾಕೆ ಕೇಳುವುದಿಲ್ಲ? 1990ರಲ್ಲಿ ಗಿರಾಕಿಗಳ ಒತ್ತಾಯಕ್ಕೆ ಮಣಿದು ಇದೇ ಕಂಪನಿ ಬರ್ಗರಿನ ಥರ್ಮೋಕೋಲ್ ಡಬ್ಬಿ ಬಿಟ್ಟಿತ್ತು. ಕೇಳಿದರೆ ಸಿಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಈಗ ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ನಾವು ಕೇಳದೆ ಚಮಚ, ಫೋರ್ಕು, ಕೆಚಪ್ ಪೊಟ್ಟಣ ಕೊಡುವ ಹಾಗಿಲ್ಲ. ಆದರೂ ನಾವು ಕೇಳಿ ಕೇಳಿ ಹಿಡಿ ತುಂಬಾ ತರುತ್ತೇವೆ. ನಮ್ಮ ಮನೆಯ ಒಂದು ಡ್ರಾಯರ್ ಪೂರ್ತಿ ಕೆಚಪ್, ಸೋಯಾ ಸಾಸ್ ಪೊಟ್ಟಣ. ನಿಮ್ಮ ಮನೆಯಲ್ಲೂ ಆ ಡ್ರಾಯರ್ ಇದೆ, ಇಲ್ಲ ಅನ್ನಬೇಡಿ!

ಇಲ್ಲಿ ಅಮ್ಮನ ಮಾತು ಹೇಳದೆ ಮುಂದೆ ಹೋಗಲಾರೆ. ಹೋದ ಬೇಸಿಗೆಯಲ್ಲಿ ಅಮ್ಮ ಹಾಸನದಿಂದ ಬಂದು ಆರು ತಿಂಗಳು ನಮ್ಮ ಜೊತೆ ಇದ್ದರು. ಮೊದಲ ವಾರವೇ ನೀಲಿ ಡಬ್ಬದಿಂದ ಮೊಸರಿನ ಡಬ್ಬಿ ಎತ್ತಿಕೊಂಡು ಬಂದು, "ಏನೋ ಇದು, ಇಷ್ಟು ಚೆನ್ನಾಗಿರೋ ಡಬ್ಬಾನ ಬಿಸಾಡ್ತೀಯಲ್ಲೋ?" ಎಂದು ನನ್ನ ಮುಂದೆ ಹಿಡಿದರು. ಅವರು ಹೊರಡುವ ಹೊತ್ತಿಗೆ ನಮ್ಮ ಫ್ರಿಜ್‌ನಲ್ಲಿ ಹನ್ನೊಂದು ಮೊಸರಿನ ಡಬ್ಬಿ, ಒಂದರಲ್ಲಿಯೂ ಮೊಸರಿಲ್ಲ. ಒಂದರಲ್ಲಿ ಸಾರು, ಒಂದರಲ್ಲಿ ದೋಸೆ ಹಿಟ್ಟು, ಒಂದರಲ್ಲಿ ಹುಣಿಸೆಹಣ್ಣು. ಐಸ್‌ಕ್ರೀಮ್ ಅಂತ ಆಸೆಯಿಂದ ಡಬ್ಬಿ ತೆಗೆದ ಮಗಳಿಗೆ ಸಿಕ್ಕಿದ್ದು ಹುರುಳಿಕಾಳು ಬಸ್ಸಾರು! ಆಗ ನಗುತ್ತಿದ್ದೆ. ಈಗ ಅನ್ನಿಸುತ್ತದೆ, ಪರಿಸರ ಎಂಬ ಪದವನ್ನು ಒಮ್ಮೆಯೂ ಬಳಸದ ಅಮ್ಮ ನನಗಿಂತ ಎರಡು ಸ್ಟೇಷನ್ ಹಿಂದೆಯೇ ಕೆಲಸ ಮುಗಿಸಿದ್ದರು.

ನಮ್ಮೂರಿನಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಇದರ ಅರ್ಥವಲ್ಲ. ಬೆಂಗಳೂರಿನ ಕಸವನ್ನೆಲ್ಲ ಹೊತ್ತ ಮಾವಳ್ಳಿಪುರದ ಜನ ಎಷ್ಟು ಕಷ್ಟಪಟ್ಟರು, 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಾಗ ನಗರದ ಬೀದಿ ಬೀದಿಯಲ್ಲಿ ಕಸ ಹೇಗೆ ರಾಶಿ ಬಿತ್ತು ಎಂಬುದನ್ನು ನಾವೆಲ್ಲ ಓದಿದ್ದೇವೆ. 2015ರಲ್ಲಿ ಕರ್ನಾಟಕ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು. ಹಸಿಕಸಕ್ಕೆ ಹಸಿರು, ಸ್ಯಾನಿಟರಿ ಕಸಕ್ಕೆ ಕೆಂಪು, ಒಣಕಸಕ್ಕೆ ಚೀಲ. ಜಯನಗರದಲ್ಲಿರುವ ನನ್ನ ತಂಗಿ ದಿನಾ ಬೆಳಿಗ್ಗೆ ಅದನ್ನು ಪಾಲಿಸುತ್ತಾಳೆ. ಅಲ್ಲಿ ಕಸ ಕಣ್ಣೆದುರೇ ಇರುತ್ತದೆ, ಇಲ್ಲಿ ಲಾರಿ ಬಂದು ಅಚ್ಚುಕಟ್ಟಾಗಿ ಒಯ್ಯುತ್ತದೆ. ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಓದಿ, ತಲೆ ತುಂಬಿಕೊಂಡು, ಒಂದು ರಾತ್ರಿ ಊಟದ ಹೊತ್ತಿನಲ್ಲಿ ಘೋಷಣೆ ಮಾಡಿದೆ. ಇನ್ನು ಮುಂದೆ ನಮ್ಮ ಮನೆಗೆ ಅತಿಥಿಗಳು ಬಂದರೂ ಪೇಪರ್ ತಟ್ಟೆ ಇಲ್ಲ, ಮಕ್ಕಳ ಬರ್ತ್‌ಡೇಗೂ ಸ್ಟೀಲ್ ತಟ್ಟೆಯೇ!

ನನ್ನ ಹೆಂಡತಿ ಒಂದೇ ಮಾತು ಕೇಳಿದಳು: "ರೀ, ತೊಳೆಯೋರು ಯಾರು?"

ನಾನು ಸುಮ್ಮನಾದೆ. ಅವಳು ಸುಮ್ಮನಾಗಲಿಲ್ಲ. "ಪೇಪರ್ ತಟ್ಟೆ ನಮ್ಮನೆಗೆ ಯಾಕೆ ಬಂತು ಹೇಳಿ. ಇಪ್ಪತ್ತು ಜನ ಊಟ ಮಾಡಿ ಎದ್ದ ಮೇಲೆ ನೀವು ಗಂಡಸರು ಹಾಲ್‌ನಲ್ಲಿ ಕ್ರಿಕೆಟ್ ಮಾತಾಡ್ತಾ ಕೂರ್ತೀರಿ. ನಾನು ರಾತ್ರಿ ಹನ್ನೆರಡರವರೆಗೆ ಸಿಂಕ್ ಮುಂದೆ ನಿಂತಿರ್ತಿದ್ದೆ. ಅದಕ್ಕೇ ಪೇಪರ್ ತಟ್ಟೆ ಬಂತು. ಭೂಮಿ ಉಳಿಸಿ, ಬೇಡ ಅನ್ನಲ್ಲ. ನನ್ನ ಬೆನ್ನಿನ ಮೇಲೆ ಉಳಿಸಬೇಡಿ."

ಈ ವಿಷಯದಲ್ಲಿ ನಾನು ಓದಿದ ಯಾವ ಲೇಖನದಲ್ಲೂ ಈ ಮಾತು ನನಗೆ ಸಿಕ್ಕಿರಲಿಲ್ಲ. ಅಮ್ಮ ತೊಳೆದು ಜೋಡಿಸಿದ ಹನ್ನೊಂದು ಡಬ್ಬಿಯನ್ನು ಹೊಗಳಿದೆನಲ್ಲ, ತೊಳೆದದ್ದು ಅಮ್ಮ, ನಾನಲ್ಲ. ಬಿಸಾಡುವ ತಟ್ಟೆ, ಡ್ರೈವ್-ಥ್ರೂ, ಕತ್ತರಿಸಿಟ್ಟ ತರಕಾರಿ ಡಬ್ಬಿ ಇವೆಲ್ಲ ನಮ್ಮ ಮನೆಗೆ ಬಂದದ್ದು ಯಾರದೋ ದಣಿವಿಗೆ ಉತ್ತರವಾಗಿ. ಆ ದಣಿವನ್ನು ಹಂಚಿಕೊಳ್ಳದೆ "ಹಳೆಯ ಪದ್ಧತಿಗೆ ಮರಳೋಣ" ಎಂದರೆ ಹೆಂಗಸರ ಕೆಲಸ ಹೆಚ್ಚಿಸೋಣ ಎಂದೇ ಅರ್ಥ. ಅದನ್ನು ನಾನು ಒಪ್ಪುವುದಿಲ್ಲ. ಆದ್ದರಿಂದ ಈ ಲೇಖನದ ಮೊದಲ ಸಲಹೆ ಗಂಡಸರಿಗೆ. ಪಾತ್ರೆ ತೊಳೆಯುವುದು ನಮ್ಮ ಕೆಲಸ. ಅದಕ್ಕೆ ತಯಾರಿದ್ದವರು ಮಾತ್ರ ಪರಿಸರದ ಬಗ್ಗೆ ಭಾಷಣ ಮಾಡಲಿ.

ಆ ರಾತ್ರಿಯಿಂದ ನಮ್ಮ ಮನೆಯ ಸಿಂಕ್ ನನ್ನದು. ಎರಡು ತಿಂಗಳಾಯಿತು. ಶನಿವಾರ ಅಂಗಡಿಗೆ ಹೋಗುವ ಮೊದಲು ಫ್ರಿಜ್ ತೆಗೆದು ನೋಡಿ ಪಟ್ಟಿ ಬರೆಯುತ್ತೇವೆ. ದೊಡ್ಡ ಪಾಲಕ್ ಡಬ್ಬಿ ನಿಂತಿದೆ, ಕಟ್ಟು ಸೊಪ್ಪು ಬರುತ್ತಿದೆ. ಕಾರಿನ ಗ್ಲವ್ ಬಾಕ್ಸಿನಲ್ಲಿ ಮೂರು ಸ್ಟೀಲ್ ಚಮಚ ಇವೆ. ಬರಿಟೋ ಇನ್ನೂ ಬರುತ್ತದೆ, ಎರಡು ಶುಕ್ರವಾರಕ್ಕೆ ಒಮ್ಮೆ, ಆದಷ್ಟೂ ಒಳಗೇ ಕೂತು ತಿನ್ನುತ್ತೇವೆ. ಎಷ್ಟೋ ಸಲ ತಪ್ಪುತ್ತೇವೆ. ಬಟ್ಟೆ ಚೀಲ ಕಾರಿನಲ್ಲೇ ಮರೆತು ಅಂಗಡಿಯೊಳಗೆ ಪೆಚ್ಚಾಗಿ ನಿಂತದ್ದೂ ಇದೆ. ಆದರೆ ನೀಲಿ ಡಬ್ಬ ಈಗ ಅರ್ಧಕ್ಕೇ ತುಂಬುತ್ತದೆ. ಅರ್ಧ ಖಾಲಿ ಡಬ್ಬ ಎಳೆದುಕೊಂಡು ಹೋಗುವಾಗ ಮೊದಲಿಗಿಂತ ಹೆಚ್ಚು ಹೆಮ್ಮೆ!

"ದೊಡ್ಡ ದೊಡ್ಡ ಕಂಪನಿಗಳು ಬೆಟ್ಟದಷ್ಟು ಕಸ ಮಾಡುವಾಗ ನನ್ನ ಒಂದು ಚಮಚದಿಂದ ಏನಾದೀತು ಸ್ವಾಮಿ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿದೆ. ಆ ಹೊರೆ ತಯಾರಕರ ಮೇಲೂ ಬೀಳಬೇಕು ಎಂದು ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಮಾಡಿದೆ. ಇಲ್ಲಿ ಮತ ಹಾಕುವ ಹಕ್ಕಿರುವವರು ಅದರ ಬಗ್ಗೆ ತಮ್ಮ ಪ್ರತಿನಿಧಿಗಳನ್ನು ಕೇಳಲಿ. ಆದರೆ ಕಾನೂನು ತಾನಾಗಿ ಬರುವುದಿಲ್ಲ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದೇ ಊರು ಪ್ಲಾಸ್ಟಿಕ್ ಚೀಲ ಬೇಡ ಎಂದಿತು. 2016ರಲ್ಲಿ ಇಡೀ ರಾಜ್ಯದ ಮತದಾರರು ಅದನ್ನೇ ಹೇಳಿದರು. ಒಂದು ಊರು ಮಾಡಬಹುದಾದರೆ ಒಂದು ಕೂಟ ಮಾಡಲಾಗದೇ?

ಅದಕ್ಕೇ ಕಮಿಟಿಯವರ ಮುಂದೆ, ನಿಮ್ಮೆಲ್ಲರ ಮುಂದೆ ನನ್ನ ಒಂದು ಕೋರಿಕೆ. ಮುಂದಿನ ಯುಗಾದಿ ಊಟಕ್ಕೆ ಪ್ರತಿ ಕುಟುಂಬವೂ ತಮ್ಮ ತಟ್ಟೆ, ಲೋಟ, ಚಮಚ ಮನೆಯಿಂದಲೇ ತರೋಣ. ಊಟವಾದ ಮೇಲೆ ಒರೆಸಿ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದು ತೊಳೆಯೋಣ, ತೊಳೆಯುವವರು ಯಾರು ಎಂದು ಮೇಲೆ ಹೇಳಿದ್ದೇನೆ! ನೀರಿನ ಬಾಟ್ಲಿಗಳ ಬದಲು ನಲ್ಲಿ ಇರುವ ದೊಡ್ಡ ಕ್ಯಾನುಗಳನ್ನು ಇಡೋಣ. ಎಷ್ಟು ಜನ ಬರುತ್ತೇವೆಂದು ಒಂದು ವಾರ ಮುಂಚೆ ಸರಿಯಾಗಿ ತಿಳಿಸೋಣ, ಆಗ ಅಡುಗೆ ಅಳತೆಗೆ ಸಿಗುತ್ತದೆ. ಉಳಿದ ಹೋಳಿಗೆ, ಚಿತ್ರಾನ್ನ ಒಯ್ಯಲು ಒಂದೊಂದು ಡಬ್ಬಿ ತನ್ನಿ, ಮೊಸರಿನ ಡಬ್ಬಿಯಾದರೂ ಸರಿ. ಹಿರಿಯರಿಗೆ, ಕೈಗೂಸಿನವರಿಗೆ, ಮೊದಲ ಸಲ ಬರುವ ಅತಿಥಿಗಳಿಗೆ ಇದು ಹೊರೆಯಾಗಬಾರದು. ಅವರಿಗಾಗಿ ಮೂವತ್ತು ಸ್ಟೀಲ್ ತಟ್ಟೆ ನಾನು ತರುತ್ತೇನೆ, ಮೂವತ್ತನ್ನೂ ನಾನೇ ತೊಳೆಯುತ್ತೇನೆ. ಜೊತೆಗೆ ಕೈ ಹಾಕುವ ಗಂಡಸರು ಯಾರಾದರೂ ಇದ್ದರೆ ದಯವಿಟ್ಟು ಹೆಸರು ಕೊಡಿ.

ಇದರಿಂದ ಭೂಮಿಯೇ ಉಳಿದುಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ಹದಿನಾಲ್ಕು ಚೀಲ ಮೂರೋ ನಾಲ್ಕೋ ಆಗಬಹುದು, ಅಷ್ಟೇ. ಆದರೆ ನಮ್ಮ ಮಕ್ಕಳು ನಮ್ಮ ಭಾಷಣಕ್ಕಿಂತ ನಮ್ಮ ಕಸದ ಚೀಲವನ್ನು ಚೆನ್ನಾಗಿ ಓದುತ್ತಾರೆ. ಯುಗಾದಿಯ ದಿನ ಮಗಳು ಇನ್ನೊಂದು ಪ್ರಶ್ನೆ ಕೇಳಿದರೆ ಈ ಸಲ ಉತ್ತರ ಕೊಡುವ ಆಸೆ ನನಗೆ. ಮತ್ತು ಬೇಗ ಕ್ಲೀನಿಂಗ್ ಮುಗಿದರೆ ನಾಟಕವನ್ನೂ ನೋಡಬಹುದು!

ಏನಂತೀರಿ? ಒಪ್ಪಿಗೆಯೋ, ತಕರಾರೋ, ಎರಡನ್ನೂ ಬರೆದು ತಿಳಿಸಿ. ಯುಗಾದಿಗೆ ಸಿಗೋಣ, ತಟ್ಟೆ ಮರೆಯಬೇಡಿ.

ನಿಮ್ಮವ,
ಕೂಟದ ಒಬ್ಬ ಸದಸ್ಯ